ಎಣ್ಣೆ ಕುಡಿದ ಗೋಡೆ

ಗೋಡೆ ನುಣುಪು ಮಾಡಲು ಬಳಿಯುವ ಪುಟ್ಟಿಯ ಬ್ಲೇಡು ಕೊಳ್ಳುವಾಗ ಅದರ ತುದಿಯನ್ನು ಹೆಬ್ಬೆರಳಿಂದ ಒತ್ತಿ ನೋಡಬೇಕು. ಬಾಗಿ ತಟ್ಟನೆ ನೆಟ್ಟಗಾದರೆ ಅದು ಪುಟ್ಟಿ ಬಳಿಯಲು. ಬಾಗದೆ ಮೊಂಡು ಹಿಡಿದರೆ ಅದು ಕೆರೆಯಲು. ಒಂದರಲ್ಲೇ ಎರಡೂ ಕೆಲಸ ಮಾಡುತ್ತೇನೆ ಎನ್ನುವವರು ಗೋಡೆ ಕೆಡಿಸುತ್ತಾರೆ. ನನ್ನ ಮಗ ಹಾಗೇ ಕೆಡಿಸಿದ.

ಕುರುಗೋಡಿನ ನಮ್ಮ ಮನೆಯ ಮುಂದಿನ ಕೋಣೆ ನನ್ನ ಗಂಡನದು. ಮಂಚದ ಮೇಲೆ ಕೂತು, ಗೋಡೆಗೆ ತಲೆ ಆನಿಸಿ, ನೀರು ತಾ, ಎಲೆ ತಾ ಎಂದು ಕೂಗುವುದೇ ಅವನ ಕೆಲಸ. ಮದುವೆಯಾಗಿ ಬಂದಾಗಿನಿಂದ ನಾನು ಒಲೆಯ ಪಕ್ಕ ಮಲಗಿದವಳು. ಅವನು ಸತ್ತ. ಗೋಡೆಯ ಮೇಲೆ ಅವನ ತಲೆಯ ಎಣ್ಣೆ ಕಲೆ ಉಳಿಯಿತು, ತಟ್ಟೆಯಷ್ಟಗಲ. ಇನ್ನು ಆ ಕೋಣೆ ನನಗೆ ಬೇಕು, ಗೋಡೆ ಸರಿಮಾಡು ಎಂದು ಮಗನಿಗೆ ಹೇಳಿದೆ.

ಅವನು ಅಗಲವಾದ ತೆಳು ಬ್ಲೇಡು ಒಂದನ್ನೇ ತಂದು, ಕೆರೆಯದೆ, ಕಲೆಯ ಮೇಲೆಯೇ ಪುಟ್ಟಿ ಬಳಿದ. ಎಣ್ಣೆಯ ಮೇಲೆ ಪುಟ್ಟಿ ನಿಲ್ಲುತ್ತದೆಯೇ? ಒಣಗಿದ ಮೇಲೆ ಅಷ್ಟೇ ಜಾಗ ಹಪ್ಪಳದಂತೆ ಎದ್ದು ಉದುರಿತು. ಸುತ್ತಲೂ ಬೆಳ್ಳಗೆ, ನಡುವೆ ಗಂಡನ ತಲೆ.

ಅಷ್ಟರಲ್ಲಿ ಸಿರುಗುಪ್ಪದಿಂದ ನಾದಿನಿ ಬಂದಳು. ಗಂಡನ ತಂಗಿ, ಅವಳೂ ಗಂಡ ಸತ್ತವಳು. ಅಣ್ಣನಿದ್ದಾಗ ಬಂದಾಗಲೆಲ್ಲ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅವನ ಕಿವಿಗೆ ಹಾಕಿ, ನನಗೆ ಏಟು ಕೊಡಿಸಿ ಊರಿಗೆ ಹೋಗುತ್ತಿದ್ದಳು. ಈಗ ಗೋಡೆ ನೋಡಿ ಕೈ ಮುಗಿದಳು.

"ನೋಡು ಅತ್ತಿಗಿ, ಎಷ್ಟು ಮುಚ್ಚಿದ್ರೂ ಹೊರಗ ಬಂದಾನ. ನಮ್ಮಣ್ಣ ಈ ಕೋಣಿ ಬಿಟ್ಟು ಹೋಗಾಕ ಒಲ್ಲೆ ಅಂತಾನ."

ಮಾತಷ್ಟೇ ಆಗಿದ್ದರೆ ಬಿಡುತ್ತಿದ್ದೆ. ಕಲೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು, ಹೂ ಸಿಕ್ಕಿಸಿದಳು, ಊದಿನಕಡ್ಡಿ ಹಚ್ಚಿದಳು. ಇಲ್ಲಿ ಯಾರೂ ಮಂಚ ಹಾಕಬಾರದು ಎಂದಳು. ಓಣಿಯ ಹೆಂಗಸರು ಬಂದು ಅಡ್ಡಬಿದ್ದರು. ಬದುಕಿದ್ದಾಗ ಅವನ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವರೇ ಇವರು. ಮಗನೂ ಹೆದರಿ, ಇರಲಿ ಬಿಡವ್ವ ಎಂದ. ಸತ್ತವನಿಗೆ ಕೋಣೆ, ನನಗೆ ಮತ್ತೆ ಒಲೆ.

ಮರುದಿನ ಬಸ್ಸು ಹತ್ತಿ ಬಳ್ಳಾರಿಗೆ ಹೋದೆ. ಅಂಗಡಿಯವನು ಹೊಳೆಯುವ ಅಗಲದ ಬ್ಲೇಡನ್ನು ತೋರಿಸಿ, ಹಗುರ ಐತಬೇ, ಕೈ ನೋಯಂಗಿಲ್ಲ ಎಂದ. ನನಗೆ ಹಗುರದ್ದು ಬೇಕಿರಲಿಲ್ಲ. ಮೂರು ಬೆರಳಗಲದ, ಬಾಗದ ಬ್ಲೇಡು ಆರಿಸಿದೆ. ಅದರ ಕಬ್ಬಿಣ ಮರದ ಹಿಡಿಯ ಕೊನೆಯತನಕ ಹೋಗಿರಬೇಕು. ಇಲ್ಲದಿದ್ದರೆ ಜೋರಾಗಿ ಒತ್ತಿದಾಗ ಕತ್ತು ಮುರಿಯುತ್ತದೆ.

ಮನೆಗೆ ಬಂದವಳೇ ಹೂ ಕಿತ್ತು ಬಿಸಾಡಿದೆ. ಬ್ಲೇಡನ್ನು ಓರೆಯಾಗಿ ಹಿಡಿದು ಮೇಲಿಂದ ಕೆಳಗೆ ಕೆರೆದೆ. ಎಣ್ಣೆ ಕುಡಿದ ಗಾರೆ ಜಿಗುಟಾಗಿರುತ್ತದೆ. ಒಣ ಮರಳು ಕಾಣುವತನಕ ಬಿಡಬಾರದು. ನಾದಿನಿ ಓಡಿಬಂದು ಕೈ ಹಿಡಿದಳು. ಅಂಗೈಯಷ್ಟಾದರೂ ಬಿಡು, ಮೇಲೆ ಫೋಟೋ ಹಾಕಿ ಮುಚ್ಚುತ್ತೇನೆ, ಅವನದೆಂದು ನನಗೆ ಬೇರೇನೂ ಉಳಿದಿಲ್ಲ ಎಂದು ಅತ್ತಳು. ನಿಜವೇ ಇರಬೇಕು.

"ಅಂಗೈಯಷ್ಟು ಬಿಟ್ರ ಅಲ್ಲಿಂದನ ಮತ್ತ ಉದುರತೈತಿ," ಎಂದೆ. "ಕಸಬರಿಗಿ ತಗೊಂಡು ಬಾ. ನಿಮ್ಮಣ್ಣ ಬೇಕಂದ್ರ ಕೆಳಗ ಬಿದ್ದಾನ, ಗುಡಿಸ್ಕೋ."

ಗುಡಿಸಿದಳು. ಆ ಪುಡಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಸಿರುಗುಪ್ಪದ ಬಸ್ಸಿಗೆ ಹೋದಳು. ಊಟ ಮಾಡಿ ಹೋಗು ಎಂದು ನಾನೂ ಹೇಳಲಿಲ್ಲ.

ಕೆರೆದಲ್ಲಿ ಬಿದ್ದ ಗುಂಡಿಗೆ ನೀರು ಚಿಮುಕಿಸಿ ಸಿಮೆಂಟು ತುಂಬಿದೆ. ಅದು ಚೆನ್ನಾಗಿ ಒಣಗಿದ ಮೇಲೆ ಮಗನ ತೆಳು ಬ್ಲೇಡಿನಿಂದ ಪುಟ್ಟಿ ಎಳೆದೆ, ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದು. ಇವತ್ತಿಗೂ ಉದುರಿಲ್ಲ.

ನಾದಿನಿ ಮತ್ತೆ ಬರಲಿಲ್ಲ. ಈಗ ಆ ಮಂಚ ನನ್ನದು. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಗೋಡೆ ಕೆಡದಿರಲೆಂದು ಗಂಡನ ಹಳೆಯ ಧೋತರದ ಹರಿದ ತುಂಡನ್ನು ತಲೆಯ ಹಿಂದೆ ಹಾಕಿಕೊಂಡು ಒರಗುತ್ತೇನೆ.