ಗೇರಿಲ್ಲದ ಸೈಕಲ್ಲಿಗೊಂದು ಚೈನು

“ಇದರ ಮ್ಯಾಲೆ ಏನು ಹೇರ್ತೀರಿ?”

ಗೆಳೆಯರೇ, ಇವತ್ತು ಗೇರಿಲ್ಲದ ನನ್ನ ಮೌಂಟನ್ ಬೈಕಿಗೆ ಚೈನು ಕೇಳಿದಾಗ ಚನ್ನಗಿರಿಯ ಸೈಕಲ್ ಶಾಪಿನ ರುದ್ರಣ್ಣ ಕೇಳಿದ ಮೊದಲ ಪ್ರಶ್ನೆ ಇದು. ಹಾಲಿನ ಕ್ಯಾನೋ, ಮೇವಿನ ಹೊರೆಯೋ, ಗೊಬ್ಬರದ ಚೀಲವೋ ಎಂದು ತಿಳಿಯದೆ ಅವರು ಯಾರಿಗೂ ಚೈನು ಕೊಡುವುದಿಲ್ಲ.

“ಏನೂ ಹೇರಲ್ಲಣ್ಣ. ನಾನೊಬ್ಬನೇ ಗುಡ್ಡ ಹತ್ತಿ ಇಳೀತೀನಿ.”

“ಗುಡ್ಡದಾಗೆ ಹೊಲ ಐತಾ?”

“ಇಲ್ಲ.”

“ಮನೆದೇವರು?”

“ಇಲ್ಲ. ಸುಮ್ಮನೆ.”

ಅವರು ಒಮ್ಮೆ ನನ್ನನ್ನೂ ಒಮ್ಮೆ ಸೈಕಲ್ಲನ್ನೂ ನೋಡಿದರು. ಮಾತು ಬದಲಿಸಲು ನಾನು ಮೊಳೆಗೆ ನೇತುಹಾಕಿದ್ದ ತೆಳ್ಳನೆಯ ಚೈನು ತೋರಿಸಿದೆ. “ಅದನ್ನ ಕೊಡ್ರಿ, ತೂಕ ಕಡಿಮೆ.”

“ತೂಕ ಇಳಿಸಾಕೆ ಚೈನಿನಿಂದ ಯಾಕೆ ಶುರು ಮಾಡ್ತೀರಿ?” ಎಂದು ರುದ್ರಣ್ಣ ನನ್ನ ಹೊಟ್ಟೆಯತ್ತ ಕಣ್ಣು ಹಾಯಿಸಿದರು. “ಅದು ಗೇರ್ ಸೈಕಲ್ಲಿಂದು. ನಿಮ್ಮ ಚಕ್ರದ ಹಲ್ಲು ದಪ್ಪ ಐತೆ, ಅದು ಕೂರಲ್ಲ.”

ಹಾಲಿನವರ ಸೈಕಲ್ಲಿಗೆ ಹಾಕುವ ಅಗಲದ ಚೈನನ್ನೇ ತೆಗೆದು ನನ್ನ ಬೈಕಿಗೂ ಹಾಕಿದರು. ಹದಿನೈದು ದಿನದಿಂದ ನಾನು ನೋಡಿದ ವಿಡಿಯೋಗಳೆಲ್ಲ ಇದನ್ನೇ ಹೇಳಿದ್ದವು. ಇಷ್ಟು ಸುಲಭವಿರಲಾರದು ಎಂದುಕೊಂಡು ನಾನೇ ಅವನ್ನು ನಂಬಿರಲಿಲ್ಲ.

ಸವೆದ ಚೈನನ್ನು ನೆನಪಿಗಿರಲಿ ಎಂದು ಬ್ಯಾಗಿಗೆ ಹಾಕಹೋದೆ. ರುದ್ರಣ್ಣ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಬಿಟ್ಟು ಹೋಗ್ರಿ. ಹಿತ್ತಲ ಗೇಟಿಗೆ ಸುತ್ತಿ ಬೀಗ ಹಾಕಾಕೆ ಬೇಕು.”

ಎರಡು ವರ್ಷ ನನ್ನ ಜೊತೆ ಗುಡ್ಡ ಸುತ್ತಿದ ಚೈನಿಗೆ ಅಂತೂ ಒಂದು ಕೆಲಸ ಸಿಕ್ಕಿತು.