ಜಯಂತನ ಚೊಚ್ಚಲ ಹಾಡುಗಳೂ ನನ್ನ ಹೆದರಿಕೆಯೂ

ಕಸ್ಟಮ್ಸ್ ತಪಾಸಣೆಯ ಸಾಲಿನಲ್ಲಿ ನಿಂತಾಗ ನಿರಪರಾಧಿಗಳ ಮುಖವೇ ಹೆಚ್ಚು ಸಂಶಯಾಸ್ಪದವಾಗಿ ಕಾಣುತ್ತದೆ ಎಂಬುದು ನನ್ನ ಅನುಭವಸಿದ್ಧ ಪ್ರಮೇಯ. ಚಟ್ನಿಪುಡಿಯ ಪೊಟ್ಟಣ ಒಯ್ಯುವಾಗಲೂ ಬೆವರುವ ಜೀವ ನನ್ನದು. ಇಂಥವನ ಕೈಗೆ ನಲವತ್ತು ಸಿ.ಡಿ.ಗಳನ್ನು ಒಪ್ಪಿಸಿದವನ ಧೈರ್ಯವನ್ನು ಮೆಚ್ಚಬೇಕು ಓದುಗರೇ, ವಿವೇಕವನ್ನಲ್ಲ.

ಒಪ್ಪಿಸಿದವನು ಜಯಂತ. ಎರಡು ಸಾವಿರದ ದಶಕದ ನಡುವೆ, ನಾವು ಒಮಾನಿನಲ್ಲಿದ್ದಾಗಿನ ಮಾತು. ರುಸೈಲ್‌ನ ಕಾರ್ಖಾನೆಯೊಂದರ ಕಚೇರಿಯಲ್ಲಿ ಮೈಸೂರಿನ ನಾನು, ಅದೇ ಕಾರ್ಖಾನೆಯ ಯಂತ್ರದುರಸ್ತಿ ವಿಭಾಗದಲ್ಲಿ ಸುರತ್ಕಲ್ ಕಡೆಯ ಅವನು. ಹಿಂದೆ ಇಬ್ರಿಯಾಚೆಯ ತೈಲ ಶಿಬಿರದಲ್ಲಿದ್ದಾಗ ಅಮೆರಿಕದ ಮೇಲ್ವಿಚಾರಕನೊಬ್ಬ ಬಿಟ್ಟುಹೋದ ಕ್ಯಾಸೆಟ್‌ಗಳಿಂದ ಅವನಿಗೆ ಹಾಂಕಿ-ಟಾಂಕ್ ಎಂಬ ಸಂಗೀತ ಅಂಟಿಕೊಂಡಿತ್ತು. ಲಾರಿ ಚಾಲಕರ, ಪ್ರೇಮಭಗ್ನರ, ಪಾನಗೃಹದ ಹಳೆಯ ಪಿಯಾನೊಗಳ ಸಂಗೀತವದು. ಅದನ್ನೇ ಗಿಟಾರಿನಿಂದ ಇನ್ನಷ್ಟು ಒರಟಾಗಿಸಿದರೆ ‘ಆಲ್ಟರ್ನೇಟಿವ್ ಕಂಟ್ರಿ’ ಆಗುತ್ತದಂತೆ. ದೇಶವನ್ನೇ ಪರ್ಯಾಯವಾಗಿ ಪಡೆದ ನಮಗೆ ಆ ಹೆಸರು ಒಪ್ಪುವಂಥದೇ. ಇಂಗ್ಲಿಷಿನಲ್ಲಿ ಒಂಬತ್ತು ಹಾಡು ಕಟ್ಟಿ, ಊರಿಗೆ ಹೋದಾಗ ಮಂಗಳೂರಿನ ಸ್ಟುಡಿಯೊದಲ್ಲಿ ಹಾಡಿ ಬಂದು, ಚೊಚ್ಚಲ ಆಲ್ಬಮ್ಮಿಗೆ ‘ಖಲಾಸ್’, ಅಂದರೆ ‘ಮುಗಿಯಿತು’, ಎಂದು ಹೆಸರಿಟ್ಟಿದ್ದ. ಮೊದಲ ಮಗುವನ್ನೇ ಸಾಕವ್ವ ಎಂದು ಕರೆದ ಹಾಗೆ! ಮುಂದೆ ನಾನು ಊರಿನಿಂದ ರಜೆ ಮುಗಿಸಿ ಬರುವಾಗ ಅದರ ಪ್ರತಿಗಳನ್ನು ತರುವ ಹೊಣೆ ನನ್ನದಾಯಿತು.

ಮಸ್ಕತ್ತಿನಲ್ಲಿ ಇಳಿದಾಗ ಅಧಿಕಾರಿ ಪೆಟ್ಟಿಗೆ ತೆರೆದ. ಸಿ.ಡಿ. ಹೊದಿಕೆಯ ಮೇಲೊಂದು ಮದ್ಯದ ಬಾಟಲಿಯ ಚಿತ್ರ, ಅದರ ಹಿಂದೆ ಜಯಂತನ ಮುಖ. ಇದು ಯಾರದೆಂದು ಆತ ಹಿಂದಿಯಲ್ಲಿ ಸೌಮ್ಯವಾಗಿಯೇ ಕೇಳಿದ. ನನ್ನ ನಾಲಿಗೆ ನನ್ನನ್ನು ಕೇಳದೆ ಉತ್ತರಿಸಿತು: ಯಾರೋ ಕೊಟ್ಟರು, ಅವರ ಗುರುತಿಲ್ಲ, ಒಳಗೇನಿದೆಯೋ ಗೊತ್ತಿಲ್ಲ. ಆತ ಅದನ್ನೆಲ್ಲ ಬರೆದುಕೊಂಡು, ಸಿ.ಡಿ.ಗಳನ್ನು ಪರಿಶೀಲನೆಗೆ ಇಟ್ಟುಕೊಂಡು, ವಾರ ಬಿಟ್ಟು ಬರಲು ಚೀಟಿ ಕೊಟ್ಟ.

ಆ ವಾರ ನಾನು ಬದುಕಿದ್ದು ಹೆದರಿಕೆಯ ಬಾಡಿಗೆದಾರನಾಗಿ. ಫೋನ್ ರಿಂಗಾದರೆ ಕಫೀಲ್, ಅಂದರೆ ನನ್ನ ವೀಸಾದ ಹೊಣೆ ಹೊತ್ತ ಧಣಿ, ಕರೆದ ಹಾಗೆ. ಬಾಗಿಲು ಬಡಿದರೆ ವೀಸಾ ರದ್ದಾದ ಹಾಗೆ. ಮಗಳ ಶಾಲೆ, ಅರ್ಧ ಕಟ್ಟಿದ ಮನೆ, ಮೈಸೂರಿನ ನೆಂಟರ ಅನುಕಂಪ ಎಲ್ಲವೂ ಊಟದ ತಟ್ಟೆಯ ಸುತ್ತ ಬಂದು ಕೂರುತ್ತಿದ್ದವು. ಜಯಂತನಿಗೆ ಸಿ.ಡಿ. ಹಿಡಿದಿಟ್ಟ ಸುದ್ದಿ ಹೇಳಿದೆ. ನನ್ನ ಉತ್ತರವನ್ನು ಮಾತ್ರ ನುಂಗಿಕೊಂಡೆ. ಎಲ್ಲವನ್ನೂ ನನ್ನಿಂದ ಕೇಳಿ ತಿಳಿದಿದ್ದ ಹೆಂಡತಿ ಸುಮಾಗೆ ತಡೆಯಲಾಗಲಿಲ್ಲ. “ರೀ, ಅವರಿಗೆ ಹೇಳಿಬಿಡಿ. ನಾಳೆ ಅಲ್ಲೇ ಗೊತ್ತಾದರೆ ಮುಖ ಎಲ್ಲಿಟ್ಕೋತೀರಿ?” ಎಂದಳು. ಹೇಳುವ ಧೈರ್ಯ ಬರಲಿಲ್ಲ.

ಅವಳೆಂದಂತೆಯೇ ಆಯಿತು. ಚೀಟಿಯಲ್ಲಿ ಬರೆದ ದಿನ ಜಯಂತನೂ ಜೊತೆಗೆ ಬಂದ. ಮೇಜಿನಾಚೆಯ ಹಿರಿಯ ಅಧಿಕಾರಿ ಕಾಗದ ನೋಡಿ, ಈತನಿಗೆ ನಿನ್ನ ಗುರುತೇ ಇಲ್ಲವಂತೆ, ಆದರೂ ಜೊತೆಯಲ್ಲಿ ಬಂದಿದ್ದೀರಲ್ಲ ಎಂದ. ಜಯಂತ ತಿರುಗಿ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಅಧಿಕಾರಿಯತ್ತ ಹೊರಳಿ, ಹಾಡು ಬರೆದವನೂ ಹಾಡಿದವನೂ ತಾನೇ, ತಪ್ಪಿದ್ದರೆ ಅದೂ ತನ್ನದೇ, ಇವರು ಹೊತ್ತು ತಂದವರಷ್ಟೇ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದ. ಒಂದು ಗಂಟೆಯ ಕಾಲ ಒಂಬತ್ತೂ ಹಾಡುಗಳ ಅರ್ಥ ವಿವರಿಸಿದ. ಅವನ ಅಂಗಿಯ ಬೆನ್ನು ಒದ್ದೆಯಾಗುತ್ತಿದ್ದುದನ್ನು ನಾನು ಹಿಂದೆ ಕುಳಿತು ನೋಡುತ್ತಿದ್ದೆ. ಕೊನೆಗೆ ಬಾಟಲಿಯ ಚಿತ್ರವಿದ್ದ ಹೊದಿಕೆಗಳನ್ನಷ್ಟೇ ಉಳಿಸಿಕೊಂಡು, ಸಿ.ಡಿ.ಗಳನ್ನು ಮರಳಿ ಕೊಟ್ಟರು.

ಕಾರಿನಲ್ಲಿ ಕುಳಿತು ಕ್ಷಮೆ ಕೇಳಿದೆ. ಅವನು ಕಿಟಕಿಯಾಚೆ ನೋಡುತ್ತ, “ನನಗೂ ಹೆದರಿಕೆ ಇತ್ತು ಮಾರಾಯ್ರೆ. ಮತ್ತೆ, ಒಳಗೇನುಂಟು ಗೊತ್ತಿಲ್ಲ ಅಂದದ್ದು ಸುಳ್ಳಲ್ಲವಲ್ಲ. ಮೂರು ವರ್ಷದಿಂದ ಹೇಳ್ತಿದ್ದೇನೆ, ಒಂದು ಹಾಡಾದರೂ ಕೇಳಿದ್ದೀರಾ ನೀವು?” ಎಂದ.

ಕೋಪದಿಂದ ಅಂದಿದ್ದರೆ ಸಹಿಸಬಹುದಿತ್ತು. ಒಂದು ಸಿ.ಡಿ. ತೆಗೆದು ಕಾರಿನ ಪ್ಲೇಯರಿಗೆ ಹಾಕಿದೆ. ಸಹಮ್‌ನ ದಾರಿಯಲ್ಲಿ ಒಂಟಿಯಾಗಿ ಲಾರಿ ಓಡಿಸುವವನೊಬ್ಬನ ಹಾಡು. ಮೊದಲ ಸಾಲಿನಲ್ಲೇ ಜಯಂತನ ದನಿ ನಡುಗುತ್ತದೆ. ಮರೆಮಾಚದೆ, ನಡುಗುತ್ತಲೇ ಹಾಡುತ್ತಾನೆ. ಹೆದರಿಕೊಂಡೂ ಬಾಯಿ ಬಿಟ್ಟು ನಿಜ ಹೇಳಬಹುದೆಂದು ನನಗೆ ಯಾರೂ ಕಲಿಸಿರಲಿಲ್ಲ. ಒಂಬತ್ತನೆಯ ಹಾಡು ಮುಗಿದಾಗ ಮತ್ತೆ ಮೊದಲಿನಿಂದ ಹಾಕಿದವನು ನಾನೇ.