ಬೆಳಗಿನ ಆರಕ್ಕೆ ಬೀಳುವ ಯಂತ್ರ

ಜನನ-ಮರಣ ದಾಖಲೆ ಕಚೇರಿಯ ಟೈಪಿಸ್ಟ್ ಒಬ್ಬಳನ್ನು ಹೋದ ತಿಂಗಳು ಕೆಲಸದಿಂದ ತೆಗೆದರು. ಹತ್ತೊಂಬತ್ತು ವರ್ಷದ ಸೇವೆ. ಆದೇಶದಲ್ಲಿರುವ ಕಾರಣ ಒಂದೇ ಸಾಲು: ಕಂಪ್ಯೂಟರನ್ನು ಅಜಾಗರೂಕತೆಯಿಂದ ಬಳಸಿ ದಾಖಲೆಗಳನ್ನು ಕಳೆದಿದ್ದಾರೆ.

ಈಗ ಬೆಳಗಿನ ಆರು ಗಂಟೆ. ಅದೇ ಕೋಣೆಯಲ್ಲಿ, ಅವಳದೇ ಕುರ್ಚಿಯಲ್ಲಿ, ಕಂಪ್ಯೂಟರ್ ರಿಪೇರಿಯ ಬೆಸುಗೆಯಕ್ಕ ಶಾಲು ಹೊದ್ದು ಕೂತಿದ್ದಾರೆ. ಕಿಟಕಿಯ ಗಾಜು ಚಳಿಗೆ ಮಬ್ಬಾಗಿದೆ. ಕಂಪ್ಯೂಟರಿನ ಪರದೆ ಬೆಳಗುತ್ತದೆ. ನಾಲ್ಕು ನಿಮಿಷ. ಯಾರೂ ಏನನ್ನೂ ಮುಟ್ಟಿಲ್ಲ. ಪರದೆ ತಟ್ಟನೆ ಕಪ್ಪಾಗಿ, ಯಂತ್ರ ತಾನೇ ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಕ್ಕ ಗಡಿಯಾರ ನೋಡಿ ಸಮಯ ಬರೆದುಕೊಳ್ಳುತ್ತಾರೆ.

"ಬಿದ್ಯಾ? ಬೀಳು ತಾಯಿ, ಬೀಳು. ನೀನು ಬೀಳೋದನ್ನ ನೋಡೋಕೇ ಬಂದಿದ್ದೀನಿ."

ಬಾಗಿಲಲ್ಲಿ ನಿಂತ ಕಾವಲುಗಾರ ನಗುತ್ತಾನೆ. "ಕೆಟ್ಟಿದ್ದಕ್ಕೆ ಖುಷಿಪಡೋ ರಿಪೇರಿಯವರು ನೀವೊಬ್ರೇ ಅಕ್ಕ."

"ಡಾಕ್ಟರನ್ನ ಕಂಡ ಕೂಡಲೇ ಕೆಮ್ಮು ನಿಂತುಹೋದ್ರೆ ರೋಗಿ ಗತಿಯೇನಪ್ಪ?"

ಕಾದ ಸೀಸದ ವಾಸನೆ ಬಟ್ಟೆ ಬಿಟ್ಟುಹೋಗದ ಕಾರಣ ಅಂಟಿದ ಅಡ್ಡಹೆಸರು ಬೆಸುಗೆಯಕ್ಕ. ವಯಸ್ಸು ಐವತ್ತೆಂಟು, ಕಸುಬಿಗೆ ಮೂವತ್ತೊಂದು. ದಿನಕ್ಕೆ ಐದಾರು ಯಂತ್ರ, ನಾಲ್ಕು ಬಸ್ಸು, ಹೆಗಲಿಗೆ ಒಂಬತ್ತು ಕಿಲೋದ ಚೀಲ. ಬೆರಳುಗಳ ಸುಟ್ಟ ಕಲೆಗಳನ್ನು ಮೊಮ್ಮಗಳು ಎಣಿಸಿ ಹದಿನಾಲ್ಕು ಎಂದಿದ್ದಾಳೆ.

ವಿದ್ಯೆ ಬಂದದ್ದು ಅಪ್ಪನ ರೇಡಿಯೊ ಅಂಗಡಿಯಿಂದ. ಇಬ್ಬರು ನಿಂತರೆ ಮೂರನೆಯವರು ಬೀದಿಗಿಳಿಯಬೇಕಾದಷ್ಟು ಜಾಗ. ಗಾಜಿನ ವಾಲ್ವಿನ ರೇಡಿಯೊಗಳು ಗುಂಡಿ ತಿರುಗಿಸಿದ ಕೂಡಲೇ ಹಾಡುತ್ತಿರಲಿಲ್ಲ. ಮೊದಲು ಒಳಗೊಂದು ಕೆಂಪು ಮಿಣುಕು, ಆಮೇಲೆ ಗೊರಗೊರ, ಆಮೇಲೆ ದನಿ. "ತಾಳು ಮಗಾ, ಅದು ಎದ್ದು ಮುಖ ತೊಳೀತಿದೆ ಅಂತಿದ್ರು ಅಪ್ಪ," ಎನ್ನುವಾಗ ಅಕ್ಕನ ಕಣ್ಣು ಆ ಮಿಣುಕನ್ನೇ ನೋಡುತ್ತಿರುವಂತಿದೆ. ಅಪ್ಪನದು ಇನ್ನೊಂದು ಕಟ್ಟಳೆಯೂ ಇತ್ತು: ಬಿಚ್ಚಿದ್ದನ್ನು ಮುಚ್ಚದೆ ಏಳಬಾರದು. ಅಕ್ಕ ಅದನ್ನು ಒಂದು ದಿನವೂ ಮೀರಿಲ್ಲ.

"ನಾನು ಶುರುಮಾಡಿದಾಗ ಕಂಪ್ಯೂಟರ್ ಅಂದ್ರೆ ಮನೆಗೆ ಬಂದ ಹೊಸ ಅಳಿಯ. ಅದಕ್ಕೇ ಒಂದು ಕೋಣೆ, ಅದಕ್ಕೇ ಒಂದು ಫ್ಯಾನು. ಚಪ್ಪಲಿ ಹೊರಗೆ ಬಿಟ್ಟು, ಉಸಿರು ಹಿಡ್ಕೊಂಡು ಒಳಗೆ ಹೋಗ್ತಿದ್ವಿ. ಈಗ ನೋಡಿ, ಅಳಿಯನ ತಲೆ ಮೇಲೆ ಊಟದ ಡಬ್ಬಿ ಇಡ್ತಾರೆ!" ಆಗ ಬಾಗಿಲು ತೆರೆದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: ಗಂಡಸರು ಯಾರೂ ಬರಲಿಲ್ವಾ? "ಬಂದುಹೋಗಿದ್ದಾರಲ್ಲ, ಅದಕ್ಕೇ ನಾನು ಬರಬೇಕಾಯ್ತು ಅಂತಿದ್ದೆ."

ಈ ಕಚೇರಿಯ ಎಂಟು ಯಂತ್ರಗಳ ಹೊಣೆ ಅಕ್ಕನಿಗೆ ಬಂದು ಒಂದು ವಾರ. ವಜಾದ ಕಡತ ಮುಚ್ಚಲು ಮೇಲ್ವಿಚಾರಕರಿಗೆ ಒಂದು ರಿಪೇರಿ ವರದಿ ಬೇಕಿದೆ. ಅಕ್ಕನಿಗಿಂತ ಮೊದಲು ಮೂವರು ಬಂದಿದ್ದರು. ಮೂವರೂ ಹನ್ನೊಂದು ಗಂಟೆಗೆ ಬಂದರು, ಯಂತ್ರ ಚೆನ್ನಾಗಿ ಓಡಿತು, 'ಯಂತ್ರ ಸರಿಯಿದೆ' ಎಂದು ಬರೆದು ಹೋದರು. ಯಂತ್ರ ಸರಿಯಿದ್ದ ಮೇಲೆ ಕೈಯೇ ತಪ್ಪಿರಬೇಕು! ಆ ಕೈಯವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಅಕ್ಕ ನಿನ್ನೆ ಸಂಜೆ ಅವಳ ಮನೆಗೆ ಹೋಗಿದ್ದರು.

"ಏನು ಒತ್ತಿದೆ ಅಂತ ಕೇಳಲ್ಲ ಕಣಮ್ಮ. ಎಷ್ಟು ಹೊತ್ತಿಗೆ ಬೀಳ್ತಿತ್ತು?"

"ಬೆಳಿಗ್ಗೆ ಅಕ್ಕ. ಜನ ಸಾಲು ನಿಲ್ಲೋ ಮುಂಚೆ ಒಂದಿಷ್ಟು ಮುಗಿಸೋಣ ಅಂತ ಆರೂವರೆಗೇ ಹೋಗ್ತಿದ್ದೆ. ಬಿದ್ದಾಗೆಲ್ಲ ಅಲ್ಲೀತನಕ ಟೈಪ್ ಮಾಡಿದ್ದೆಲ್ಲ ಹೋಗಿಬಿಡ್ತಿತ್ತು. ಎಂಟಾದ್ಮೇಲೆ ಗುಂಡುಕಲ್ಲು."

"ಮಿಕ್ಕವರು?"

"ಅವರು ಹತ್ತಕ್ಕೆ ಬರ್ತಾರೆ."

ಬೇಗ ಬಂದದ್ದೇ ಅವಳ ಅಪರಾಧ. ಅವಳು ಚಳಿಯಲ್ಲಿ ಕೂತು ಕಾಯಿಸಿಟ್ಟ ಯಂತ್ರದ ಮೇಲೆ ಉಳಿದವರು ಬೆಚ್ಚಗೆ ಕೆಲಸ ಮಾಡಿದರು.

ಅಕ್ಕ ಪೆಟ್ಟಿಗೆ ಬಿಚ್ಚುತ್ತಾರೆ. ಮೆಮೊರಿ ಪಟ್ಟಿ ತೆಗೆದು, ಒರೆಸಿ, ಮತ್ತೆ ಕೂರಿಸುತ್ತಾರೆ; ಯಂತ್ರ ಬೀಳುತ್ತದೆ. ವಿದ್ಯುತ್ ಪೂರೈಸುವ ಡಬ್ಬಿ ಕಳಚಿ ತಮ್ಮ ಚೀಲದ್ದನ್ನು ಹಾಕುತ್ತಾರೆ, ಬೀಳುತ್ತದೆ. "ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದ್ರೆ, ಸರಿಹೋದ್ರೂ ಯಾಕೆ ಸರಿಹೋಯ್ತು ಅಂತ ಗೊತ್ತಾಗಲ್ಲ." ಕೊನೆಗೆ ಚೀಲದಿಂದ ಕೂದಲು ಒಣಗಿಸುವ ಯಂತ್ರ ಹೊರಬರುತ್ತದೆ. ಒಳಗಿನ ಹಸಿರು ಸರ್ಕ್ಯೂಟ್ ಹಲಗೆಗೆ ಬಿಸಿಗಾಳಿ ಹಾಯಿಸುತ್ತಾರೆ. ಐದು ನಿಮಿಷ, ಹತ್ತು, ಇಪ್ಪತ್ತು. ಯಂತ್ರ ಬೀಳುವುದಿಲ್ಲ. ಗಾಳಿ ನಿಲ್ಲಿಸಿ, ತಣಿಯಲು ಬಿಟ್ಟು ಮತ್ತೆ ಹಾಕಿದರೆ ಬೀಳುತ್ತದೆ.

ಟಾರ್ಚಿನ ಬೆಳಕಿನಲ್ಲಿ ಸಿಕ್ಕಿಬೀಳುತ್ತವೆ ಮೂರು ಕೆಪ್ಯಾಸಿಟರ್‌ಗಳು. ವಿದ್ಯುತ್ತನ್ನು ಗುಟುಕು ಗುಟುಕಾಗಿ ಹಿಡಿದು ಕೊಡುವ, ಕಿರುಬೆರಳ ತುದಿಯಷ್ಟಿರುವ ಡಬ್ಬಿಗಳು. ನೆತ್ತಿ ಉಬ್ಬಿ, ಕಂದು ಕೀವು ಒಸರಿದೆ. ತಣ್ಣಗಿದ್ದಾಗ ಅವಕ್ಕೆ ಹಿಡಿಯುವ ಶಕ್ತಿಯಿಲ್ಲ.

"ಅಪ್ಪನ ರೇಡಿಯೊ ಥರಾನೇ. ಇದೂ ಎದ್ದು ಮುಖ ತೊಳೀತಿತ್ತು, ಅಷ್ಟೇ." ಯಂತ್ರ ಬಿದ್ದ ಏಳು ಸಮಯಗಳ ಕೆಳಗೆ ಅಕ್ಕ ಕಾವಲುಗಾರನ ಸಹಿ ಹಾಕಿಸುತ್ತಾರೆ.

ಹತ್ತಕ್ಕೆ ಮೇಲ್ವಿಚಾರಕರು ಬಂದು, ಬಗ್ಗಿ ನೋಡಿ, ತಲೆಯಾಡಿಸುತ್ತಾರೆ. "ಮೂರನ್ನೂ ಬದಲಾಯಿಸಿ. ಆಮೇಲೆ 'ಯಂತ್ರ ಸರಿಯಿದೆ' ಅಂತ ಬರೆದುಕೊಡಿ. ಬದಲಾಯಿಸಿದ ಮೇಲೆ ಸರಿಯಾಗೇ ಇರುತ್ತಲ್ಲ? ಸುಳ್ಳೇನಿದೆ ಇದರಲ್ಲಿ?"

ಬೆಸುಗೆ ಕಡ್ಡಿ ಕಾದಿದೆ. ಹದಿನೈದು ನಿಮಿಷದ ಕೆಲಸ. ಅಕ್ಕ ಕಡ್ಡಿಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು ತಂತಿ ಸುತ್ತತೊಡಗುತ್ತಾರೆ.

"ಮಾಡಲ್ಲ ಸಾರ್."

"ಮಾಡಲ್ಲ ಅಂದ್ರೆ?"

"ನಾಳೆ ಆರಕ್ಕೆ ನೀವು ಬನ್ನಿ. ಅವಳನ್ನೂ ಕರೀರಿ. ಇದು ಬೀಳೋದನ್ನ ಇಬ್ಬರೂ ಕೂತು ನೋಡಿ. ಆಮೇಲೆ ರಿಪೇರಿ."

"ಎಂಟೂ ಯಂತ್ರ ಬೇರೆಯವರ ಪಾಲಾಗುತ್ತೆ, ಗೊತ್ತಿರಲಿ."

"ಆಗಲಿ. ಅವರಿಗೂ ಬೆಳಿಗ್ಗೆ ಆರಕ್ಕೇ ಬರೋಕೆ ಹೇಳಿ."

ಮೇಲ್ವಿಚಾರಕರು ಮೇಜಿನ ಮೇಲೆ ಬಿದ್ದಿರುವ ತಗಡನ್ನು ತೋರಿಸುತ್ತಾರೆ. "ಆ ಮುಚ್ಚಳನಾದ್ರೂ ಹಾಕಿಟ್ಟು ಹೋಗಿ. ಜನ ನೋಡ್ತಾರೆ."

ಅಕ್ಕ ಚೀಲ ಹೆಗಲಿಗೇರಿಸುತ್ತಾರೆ. ಮೂವತ್ತೊಂದು ವರ್ಷದ ಅಭ್ಯಾಸ. ಕೈ ತಾನಾಗಿಯೇ ಮುಚ್ಚಳದತ್ತ ಹೋಗುತ್ತದೆ. ಅರ್ಧದಲ್ಲೇ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ.

"ಇಲ್ಲ ಸಾರ್. ಅದನ್ನೂ ಹಾಕಲ್ಲ."